ಹಳೇ ಜೀಪಿನ ಸ್ಟೇರಿಂಗ್ ಯಾಕೆ ಆಡುತ್ತೆ?

ಮಳೆಗಾಲ ಮುಗಿದ ಮೇಲೆ ಕೊಡಚಾದ್ರಿಯ ದಾರಿ ನೋಡಬೇಕು. ದಾರಿ ಎನ್ನುವುದಕ್ಕಿಂತ ಕೊರಕಲು ಎನ್ನುವುದೇ ಸರಿ. ಕೆಂಪು ಮಣ್ಣು, ಮೇಲೆದ್ದ ಬಂಡೆ, ನೀರು ಕೊರೆದ ಕಾಲುವೆ. ಅದರ ಮೇಲೆ ಜೀಪುಗಳು ಸಾಲಾಗಿ ಹತ್ತುತ್ತಿರುತ್ತವೆ. ಹಳೇ ಜೀಪಿನ ಮುಂದಿನ ಸೀಟು ಸಿಕ್ಕವರು ಕಣಿವೆ ನೋಡುವುದನ್ನು ಬಿಟ್ಟು ಡ್ರೈವರನ ಕೈಯನ್ನೇ ನೋಡುತ್ತಾರೆ. ಸ್ಟೇರಿಂಗ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತಲೇ ಇರುತ್ತದೆ. ಜೀಪು ಮಾತ್ರ ನೇರವಾಗಿ ಹೋಗುತ್ತಿರುತ್ತದೆ.

ಅದೇ ಜೀಪು ಟಾರು ರಸ್ತೆಗೆ ಇಳಿದು ಸ್ವಲ್ಪ ವೇಗ ಹಿಡಿದಾಗ ಸಣ್ಣದೊಂದು ಗುಂಡಿ ಸಿಕ್ಕಿದರೂ ಸಾಕು, ಮುಂದಿನ ಎರಡೂ ಚಕ್ರಗಳು ಥರಥರ ನಡುಗಲು ಶುರುವಾಗುತ್ತವೆ. ಗಾಡಿಯನ್ನು ಬಹುತೇಕ ನಿಲ್ಲಿಸುವವರೆಗೂ ಆ ನಡುಕ ನಿಲ್ಲುವುದಿಲ್ಲ. ‘ಹಳೇ ಗಾಡಿ ಅಂದಮೇಲೆ ಇದೆಲ್ಲ ಇದ್ದದ್ದೇ’ ಎಂದು ಹೇಳುವವರೇ ಹೆಚ್ಚು.

ಆ ಮಾತನ್ನು ಒಪ್ಪಬೇಕಾಗಿಲ್ಲ. ಈ ಜೀಪುಗಳು ಕಾರ್ಖಾನೆಯಿಂದ ಹೊರಬಂದಾಗ ಹೀಗಿರಲಿಲ್ಲ. ಸ್ಟೇರಿಂಗ್ ಆಡುವುದು ವಯಸ್ಸಿನ ಗುಣವಲ್ಲ, ಕೆಲವು ಬೇರಿಂಗುಗಳು ಸವೆದಿರುವುದರ ಗುರುತು. ಅವನ್ನು ಸರಿಯಾಗಿ ಬಿಚ್ಚಿ, ಅಳತೆಗೆ ತಕ್ಕಂತೆ ಮತ್ತೆ ಕೂರಿಸಿದರೆ ಎಪ್ಪತ್ತು ವರ್ಷದ ಜೀಪೂ ಹೇಳಿದ ಕಡೆಗೇ ಹೋಗುತ್ತದೆ.

ಯುದ್ಧಕ್ಕೆ ಹುಟ್ಟಿ ತೋಟಕ್ಕೆ ಬಂದ ಗಾಡಿ

1940ರಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಎಳೆತವಿರುವ ಒಂದು ಗಾಡಿ ಬೇಕಾಯಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿಯನ್ನು ಕಟ್ಟಿಕೊಟ್ಟಿತು. ವಿಲ್ಲಿಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳು ಅದನ್ನು ಲಕ್ಷಗಟ್ಟಲೆ ತಯಾರಿಸಿದವು. 1945ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 6.4 ಲಕ್ಷ ಜೀಪುಗಳು ಹೊರಬಿದ್ದಿದ್ದವು.

ಭಾರತದಲ್ಲಿ 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬೈಯಲ್ಲಿ ಜೋಡಿಸತೊಡಗಿತು. ಮುಂದೆ ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ ಇಲ್ಲೇ ತಯಾರಾಗಿ ದಶಕಗಳ ಕಾಲ ಓಡಿತು. ಹಿಂಬದಿಯಲ್ಲಿ ‘ಲೆಫ್ಟ್ ಹ್ಯಾಂಡ್ ಡ್ರೈವ್’ ಎಂದು ಬರೆಸಿಕೊಂಡ ಜೀಪುಗಳು ಅನೇಕರಿಗೆ ನೆನಪಿರಬಹುದು.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಿಗೆ ಈ ಗಾಡಿ ಹೇಳಿ ಮಾಡಿಸಿದಂತಿತ್ತು. ಗೊಬ್ಬರ, ಕಾಫಿ ಮೂಟೆ, ಆಸ್ಪತ್ರೆಗೆ ಹೊರಟ ರೋಗಿ, ಮದುವೆಯ ದಿಬ್ಬಣ, ಎಲ್ಲಕ್ಕೂ ಅದೇ. ಅಂಥ ಎಷ್ಟೋ ಜೀಪುಗಳು ಈಗ ಕೊಟ್ಟಿಗೆಯಿಂದ ಹೊರಬಂದು ಮತ್ತೆ ಬಣ್ಣ ಹಚ್ಚಿಸಿಕೊಳ್ಳುತ್ತಿವೆ. ಅಜ್ಜನ ಗಾಡಿಯನ್ನು ಓಡುವ ಹಾಗೆ ಮಾಡಬೇಕೆಂಬ ಮೊಮ್ಮಕ್ಕಳ ಆಸೆ ದೊಡ್ಡದು. ಆದರೆ ಹಣ ಹೆಚ್ಚಾಗಿ ಹರಿಯುವುದು ಬಣ್ಣ, ಸೀಟು, ಟೈರಿನ ಕಡೆಗೆ. ಸ್ಟೇರಿಂಗಿನ ಸರದಿ ಕೊನೆಗೆ ಬರುತ್ತದೆ.

ಕೈಯಿಂದ ಚಕ್ರದವರೆಗೆ

ಸ್ಟೇರಿಂಗ್ ತಿರುಗಿಸಿದರೆ ಚಕ್ರ ತಿರುಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಈ ಎರಡರ ನಡುವೆ ಎಷ್ಟು ಕೀಲುಗಳಿವೆ ಎಂಬುದನ್ನು ಮಾತ್ರ ಹೆಚ್ಚಿನವರು ಎಣಿಸಿ ನೋಡಿರುವುದಿಲ್ಲ.

ವಿಲ್ಲಿಸ್ ಜೀಪಿನ ಸ್ಟೇರಿಂಗ್ ಕೊಳವೆಯ ತುದಿಯಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಅಮೆರಿಕದ ರಾಸ್ ಕಂಪನಿಯ ವಿನ್ಯಾಸವಾದ್ದರಿಂದ ಅದನ್ನು ರಾಸ್ ಸ್ಟೇರಿಂಗ್ ಎನ್ನುತ್ತಾರೆ. ಅದರೊಳಗೆ ಸುರುಳಿ ತೋಡು ಕೊರೆದ ಒಂದು ದಂಡವಿದೆ. ಅಡ್ಡ ಶಾಫ್ಟಿನಿಂದ ಚಾಚಿಕೊಂಡ ಎರಡು ಮೊನಚಾದ ಗೂಟಗಳು ಆ ತೋಡಿನಲ್ಲಿ ಕೂತಿರುತ್ತವೆ. ಸ್ಟೇರಿಂಗ್ ತಿರುಗಿದಾಗ ತೋಡು ಈ ಗೂಟಗಳನ್ನು ತಳ್ಳುತ್ತದೆ, ಅಡ್ಡ ಶಾಫ್ಟ್ ತಿರುಗುತ್ತದೆ, ಅದರ ತುದಿಯ ತೋಳು ಹಿಂದೆ ಮುಂದೆ ಆಡುತ್ತದೆ.

ಆ ತೋಳಿನಿಂದ ಒಂದು ಉದ್ದನೆಯ ರಾಡು ಮುಂದಕ್ಕೆ ಹೋಗಿ, ಗಾಡಿಯ ಮುಂಭಾಗದಲ್ಲಿರುವ ಬೆಲ್ ಕ್ರ್ಯಾಂಕ್ ಎಂಬ ತಿರುಗು ತುಂಡನ್ನು ಎಳೆಯುತ್ತದೆ. ಬೆಲ್ ಕ್ರ್ಯಾಂಕಿನಿಂದ ಎರಡು ಟೈ ರಾಡುಗಳು ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಹೊರಡುತ್ತವೆ. ಕೊನೆಗೆ ಚಕ್ರ ನಿಂತಿರುವ ನಕಲ್ ಎಂಬ ಭಾಗ ತಿರುಗುತ್ತದೆ.

ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಸಡಿಲ ಬಂದರೂ ಎಲ್ಲ ಸೇರಿ ದೊಡ್ಡದಾಗುತ್ತದೆ. ಸಾಲದ್ದಕ್ಕೆ ರಾಸ್ ಪೆಟ್ಟಿಗೆ ನೇರ ಓಟದಲ್ಲಿ ಕೈಯ 12 ಸುತ್ತನ್ನು ತೋಳಿನ 1 ಸುತ್ತಿಗೆ ಇಳಿಸುತ್ತದೆ. ಪೂರ್ತಿ ತಿರುವಿನಲ್ಲಿ ಅದು 14ಕ್ಕೆ 1. ಅಂದರೆ ಚಕ್ರದ ಬಳಿ 1 ಡಿಗ್ರಿ ಸಡಿಲವಾದರೆ ಕೈಯಲ್ಲಿ ಹೆಚ್ಚುಕಡಿಮೆ 12 ಡಿಗ್ರಿ ಆಟವಾಗಿ ಕಾಣಿಸುತ್ತದೆ. ಆಟ ತಿಳಿಯುವುದು ಕೈಯಲ್ಲಿ, ಹುಟ್ಟುವುದು ಬಹಳ ಸಲ ಚಕ್ರದ ಬುಡದಲ್ಲಿ.

ತಿರುಗದೆಯೇ ಸವೆಯುವ ಬೇರಿಂಗ್

ಮಲೆನಾಡಿನ ಹಳೇ ಮನೆಗಳ ಕದಗಳಿಗೆ ಕಬ್ಬಿಣದ ಹಿಂಜಿ ಇರುವುದಿಲ್ಲ. ಕದದ ಮೇಲೊಂದು, ಕೆಳಗೊಂದು ತಿರುಗಣಿ ಇದ್ದು, ಅವು ಚೌಕಟ್ಟಿನ ಗುಳಿಗಳಲ್ಲಿ ಕೂತು ತಿರುಗುತ್ತವೆ. ಜೀಪಿನ ಮುಂದಿನ ನಕಲ್ ಕೂಡ ಹಾಗೆಯೇ ಮೇಲೆ ಕೆಳಗೆ ಎರಡು ಕಿಂಗ್ ಪಿನ್ನುಗಳ ಮೇಲೆ ನಿಂತಿದೆ. ಪ್ರತಿ ಪಿನ್ನಿಗೂ ಒಂದು ಟೇಪರ್ ರೋಲರ್ ಬೇರಿಂಗ್.

ಹೆನ್ರಿ ಟಿಮ್‌ಕೆನ್ 1898ರಲ್ಲಿ ಅಮೆರಿಕದಲ್ಲಿ ಈ ಬಗೆಯ ಬೇರಿಂಗಿಗೆ ಪೇಟೆಂಟ್ ಪಡೆದರು. ಇದರ ರೋಲರುಗಳು ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಹೀಗಾಗಿ ಮೇಲಿನಿಂದ ಬೀಳುವ ಭಾರವನ್ನೂ ಪಕ್ಕದಿಂದ ಬರುವ ಹೊಡೆತವನ್ನೂ ಒಂದೇ ಬೇರಿಂಗ್ ತಡೆಯಬಲ್ಲದು. ಇನ್ನೊಂದು ಅನುಕೂಲವೂ ಉಂಟು. ರೋಲರುಗಳಿರುವ ಒಳಭಾಗವಾದ ಕೋನನ್ನು ಹೊರಗಿನ ಉಂಗುರವಾದ ಕಪ್ಪಿನೊಳಕ್ಕೆ ಸ್ವಲ್ಪ ಒತ್ತಿದರೆ ಸಡಿಲ ಹೋಗುತ್ತದೆ. ಇನ್ನಷ್ಟು ಒತ್ತಿದರೆ ಬೇರಿಂಗ್ ಸದಾ ಒಂದು ಹದವಾದ ಬಿಗಿತದಲ್ಲಿ ಇರುತ್ತದೆ. ಈ ಬಿಗಿತಕ್ಕೆ ಪ್ರೀಲೋಡ್ ಎನ್ನುತ್ತಾರೆ.

ಚಕ್ರದ ನಡುವಿನ ಬೇರಿಂಗ್ ಗಾಡಿ ಓಡುವಷ್ಟು ಹೊತ್ತೂ ಸುತ್ತುತ್ತದೆ. ಅದರ ರೋಲರುಗಳು ಗ್ರೀಸನ್ನು ಎಲ್ಲ ಕಡೆಗೂ ಹರಡಿಕೊಳ್ಳುತ್ತವೆ. ಕಿಂಗ್ ಪಿನ್ ಬೇರಿಂಗಿನ ಪಾಡು ಬೇರೆ. ಗಾಡಿ ಹೆಚ್ಚಿನ ಹೊತ್ತು ನೇರವಾಗಿ ಹೋಗುವುದರಿಂದ ಅದು ಒಂದೇ ಜಾಗದಲ್ಲಿ ನಿಂತಿರುತ್ತದೆ. ರಸ್ತೆಯ ಪ್ರತಿ ಹೊಡೆತವೂ ಅದೇ ರೋಲರುಗಳ ಮೂಲಕ ಕಪ್ಪಿನ ಅದೇ ಗೆರೆಗಳ ಮೇಲೆ ಬೀಳುತ್ತದೆ. ಅಲ್ಲಿದ್ದ ಗ್ರೀಸು ಪಕ್ಕಕ್ಕೆ ಸರಿದು ಮತ್ತೆ ಬರುವುದಿಲ್ಲ. ಹಳ್ಳ ದಾಟುವಾಗ ಸೀಲು ಸವೆದ ಕಡೆಯಿಂದ ನೀರು ನುಗ್ಗಿದರೆ ತುಕ್ಕೂ ಸೇರಿಕೊಳ್ಳುತ್ತದೆ.

ಹಳೇ ಕಪ್ಪೊಂದನ್ನು ಒರೆಸಿ ಬೆಳಕಿಗೆ ಹಿಡಿದರೆ ಇದು ಕಣ್ಣಿಗೇ ಕಾಣುತ್ತದೆ. ಹೊಳೆಯುವ ಒಳಮೈ ಮೇಲೆ ಸಮ ಅಂತರದಲ್ಲಿ ಮಂಕಾದ ಅಡ್ಡ ಗೆರೆಗಳು, ಒಂದೊಂದು ರೋಲರಿಗೆ ಒಂದೊಂದು. ಉಗುರು ಆಡಿಸಿದರೆ ಪ್ರತಿ ಗೆರೆಯಲ್ಲೂ ಉಗುರು ತಡೆಯುತ್ತದೆ. ಬೇರಿಂಗ್ ತಿರುಗುವಾಗ ರೋಲರುಗಳು ಈ ಗುಳಿಗಳಿಗೆ ಬಿದ್ದು ಏಳುತ್ತವೆ. ನೇರ ಓಟದ ಸ್ಥಾನದಲ್ಲಿ ಸ್ಟೇರಿಂಗ್ ಕಚ್ಚಿ ಹಿಡಿದಂತೆ ಅನ್ನಿಸುವುದು ಇದರಿಂದಲೇ. ಹೀಗೆ ಗುಳಿ ಬಿದ್ದ ಕಪ್ಪನ್ನು ಯಾವ ಗ್ರೀಸೂ ಸರಿಮಾಡಲಾರದು.

ಆಟ ಎಲ್ಲಿದೆ?

ಬಿಚ್ಚುವ ಮೊದಲು ಆಟ ಎಲ್ಲಿದೆ ಎಂದು ಹುಡುಕಬೇಕು. ಇದಕ್ಕೆ ದೊಡ್ಡ ಯಂತ್ರಗಳೇನೂ ಬೇಡ. ಮುಂದಿನ ಆಕ್ಸಲನ್ನು ಜಾಕಿನಿಂದ ಎತ್ತಿ ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರೀ ಜಾಕನ್ನು ನಂಬಿ ಗಾಡಿಯ ಕೆಳಗೆ ಕೈ ಹಾಕಕೂಡದು.

ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಡಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಚಕ್ರವೂ ನಕಲ್ಲೂ ಒಂದಾಗಿಬಿಡುತ್ತವೆ. ಈಗ ಆಟ ನಿಂತರೆ ದೋಷ ಚಕ್ರದ ಬೇರಿಂಗಿನದು. ಬ್ರೇಕ್ ಒತ್ತಿದ ಮೇಲೂ ಆಡುತ್ತಿದ್ದರೆ ಅದು ಕಿಂಗ್ ಪಿನ್ ಬೇರಿಂಗಿನದು.

ಆಮೇಲೆ ಚಕ್ರಗಳನ್ನು ನೆಲಕ್ಕೆ ಇಳಿಸಿ, ಒಬ್ಬರು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಿರುವಾಗ ಇನ್ನೊಬ್ಬರು ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ನೋಡಬೇಕು. ಒಂದು ಕಡೆ ಚಲಿಸಿ ಇನ್ನೊಂದು ಕಡೆ ತಡವಾಗಿ ಚಲಿಸುವ ಕೀಲೇ ತಪ್ಪಿತಸ್ಥ. ಹಳೇ ಜೀಪುಗಳಲ್ಲಿ ಬೆಲ್ ಕ್ರ್ಯಾಂಕ್ ಮೇಲೆ ಮೊದಲು ಅನುಮಾನ ಪಡಬೇಕು. ಅದರ ಸಣ್ಣ ಸೂಜಿ ರೋಲರುಗಳು ಗ್ರೀಸಿಲ್ಲದೆ ಒಣಗಿದರೆ ಅದು ಕೂತಿರುವ ಪಿನ್ನೇ ಒಂದು ಬದಿ ಸವೆಯುತ್ತದೆ.

ಬಿಚ್ಚುವಾಗಲೇ ಅರ್ಧ ಕೆಲಸ

ನಕಲ್ ಬಿಚ್ಚುವಾಗ ಮೇಲಿನ ಮತ್ತು ಕೆಳಗಿನ ಕ್ಯಾಪುಗಳ ಅಡಿಯಲ್ಲಿ ಕಾಗದದಷ್ಟು ತೆಳುವಾದ ಲೋಹದ ತಗಡುಗಳು ಸಿಗುತ್ತವೆ. ಅವೇ ಶಿಮ್‌ಗಳು. ಯಾವ ಚಕ್ರದ ಯಾವ ಕ್ಯಾಪಿನಡಿ ಎಷ್ಟಿದ್ದವು ಎಂದು ಗುರುತು ಹಾಕಿ ಬೇರೆ ಬೇರೆ ಕಟ್ಟಿಡಬೇಕು. ಹೊಸ ಅಳತೆ ಶುರುವಾಗುವುದು ಅಲ್ಲಿಂದಲೇ.

ಬೇರಿಂಗಿನ ಕೋನೂ ಕಪ್ಪೂ ಜೋಡಿಯಾಗಿಯೇ ಬದಲಾಗಬೇಕು. ಹಳೇ ಕಪ್ಪಿಗೆ ಹೊಸ ಕೋನು ಕೂರಿಸಿದರೆ ಹೊಸದೂ ಬೇಗ ಹಾಳಾಗುತ್ತದೆ. ಇಲ್ಲಿ ಒಂದು ಸಮಾಧಾನದ ಸಂಗತಿ ಇದೆ. ವಿಲ್ಲಿಸ್ ಜೀಪಿನ ಕಿಂಗ್ ಪಿನ್ ಬೇರಿಂಗುಗಳ ನಂಬರು, ಕೋನಿಗೆ 11590, ಕಪ್ಪಿಗೆ 11520, ಜೀಪಿಗೆಂದೇ ಹುಟ್ಟಿದ್ದಲ್ಲ. ಅದು ಬೇರಿಂಗ್ ಉದ್ಯಮದ ಸಾಮಾನ್ಯ ನಂಬರು. ನಂತರದ ಮಾದರಿಗಳಲ್ಲಿ ವ್ಯತ್ಯಾಸ ಇರಬಹುದಾದ್ದರಿಂದ ಹಳೇ ಬೇರಿಂಗಿನ ಮೇಲಿನ ನಂಬರನ್ನು ಒರೆಸಿ ಓದಿಕೊಂಡೇ ಅಂಗಡಿಗೆ ಹೋಗಬೇಕು.

ಕಪ್ಪುಗಳು ಆಕ್ಸಲಿನ ತುದಿಯ ಗೋಳದೊಳಗೆ ಬಿಗಿಯಾಗಿ ಕೂತಿರುತ್ತವೆ. ಹಿತ್ತಾಳೆಯ ಸಲಾಕೆಯಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ತಟ್ಟಿ ತೆಗೆಯಬೇಕು. ಹೊಸ ಕಪ್ಪು ಕೂರಿಸುವಾಗಲೂ ಓರೆಯಾಗದಂತೆ ಹಾಗೆಯೇ ತಟ್ಟಬೇಕು. ಕಪ್ಪು ತಳ ಮುಟ್ಟಿದ ಕ್ಷಣ ಸುತ್ತಿಗೆಯ ಸದ್ದು ಬದಲಾಗುತ್ತದೆ, ಪೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬರುತ್ತದೆ. ಕೆಲಸ ಬಲ್ಲವರು ಆ ಸದ್ದಿಗೆ ಕಿವಿಗೊಟ್ಟಿರುತ್ತಾರೆ. ತಳ ಮುಟ್ಟದ ಕಪ್ಪು ನಾಲ್ಕು ದಿನ ಓಡಿದ ಮೇಲೆ ತಾನೇ ಒಳಸರಿದು, ಮಾಡಿದ ಅಳತೆಯನ್ನೆಲ್ಲ ಕೆಡಿಸುತ್ತದೆ.

ತಗಡಿನ ಲೆಕ್ಕ

ಶಿಮ್‌ಗಳ ದಪ್ಪ ಇಂಚಿನ ಸಾವಿರದ ಭಾಗಗಳಲ್ಲಿ ಇರುತ್ತದೆ: 3, 5, 10, 30. ಇಂಚಿನ ಸಾವಿರದ 3 ಭಾಗ ಎಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಜೀಪಿನ ಮುಂಭಾಗದ ಭಾರವನ್ನೆಲ್ಲ ಹೊರುವ ಬೇರಿಂಗಿನ ಹದ ಇಷ್ಟು ತೆಳುವಾದ ತಗಡಿನ ಮೇಲೆ ನಿಂತಿದೆ.

ಲೆಕ್ಕ ಸರಳ. ಶಿಮ್ ತೆಗೆದರೆ ಕ್ಯಾಪು ಒಳಕ್ಕೆ ಸರಿದು ಬೇರಿಂಗ್ ಬಿಗಿಯಾಗುತ್ತದೆ, ಸೇರಿಸಿದರೆ ಸಡಿಲವಾಗುತ್ತದೆ. ಮೇಲೆ ಕೆಳಗೆ ಹೆಚ್ಚುಕಡಿಮೆ ಸಮವಾಗಿ ಹಂಚಬೇಕು. ಇಲ್ಲದಿದ್ದರೆ ನಕಲ್ ಒಂದು ಕಡೆಗೆ ಸರಿದು, ಅದರೊಳಗೆ ಹಾದುಹೋಗುವ ಆಕ್ಸಲ್ ಶಾಫ್ಟ್ ನಡುಮಧ್ಯದಲ್ಲಿ ಉಳಿಯುವುದಿಲ್ಲ.

ಹದ ಬಂತೆಂದು ಗೊತ್ತಾಗುವುದು ಹೇಗೆ? ಗುಜರಿ ವ್ಯಾಪಾರಿ ತೂಗಲು ಬಳಸುವಂಥ ಸ್ಪ್ರಿಂಗ್ ತಕ್ಕಡಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಸೀಲನ್ನೂ ಟೈ ರಾಡನ್ನೂ ಜೋಡಿಸದೆ, ಟೈ ರಾಡ್ ಕೂರುವ ತೂತಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ನಿಧಾನವಾಗಿ ಎಳೆಯಬೇಕು. ನಕಲ್ ತಿರುಗುತ್ತಿರುವಾಗ ಮುಳ್ಳು ಎಷ್ಟು ತೋರಿಸುತ್ತದೆ ಎಂಬುದೇ ಬೇರಿಂಗಿನ ಬಿಗಿತ. ಆ ಅಂಕಿ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ತಮ್ಮ ಜೀಪಿನ ಕೈಪಿಡಿ ಏನು ಹೇಳುತ್ತದೋ ಅದನ್ನೇ ಹಿಡಿಯಬೇಕು. ಸೀಲು ಹಾಕಿ ಅಳೆದರೆ ಅದರ ಉಜ್ಜಾಟವೂ ಲೆಕ್ಕಕ್ಕೆ ಸೇರಿ ಅಂಕಿ ಸುಳ್ಳಾಗುತ್ತದೆ.

ಕ್ಯಾಪಿನ ನಾಲ್ಕೂ ಬೋಲ್ಟುಗಳನ್ನು ಪೂರ್ತಿ ಬಿಗಿದ ಮೇಲಷ್ಟೇ ಈ ಅಳತೆಗೆ ಬೆಲೆ. ಒಂದು ಶಿಮ್ ತೆಗೆಯುವುದು, ಮತ್ತೆ ಬಿಗಿಯುವುದು, ಮತ್ತೆ ಎಳೆದು ನೋಡುವುದು, ಹೀಗೆ ನಡೆಯುತ್ತದೆ. ಅವಸರದವರಿಗೆ ಒಗ್ಗುವ ಕೆಲಸವಲ್ಲ ಇದು. ಆದರೆ ಒಂದು ಸಲ ಸರಿಯಾಗಿ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ.

ಗುಂಡುಗಳನ್ನು ಕೂರಿಸುವುದು

ರಾಸ್ ಪೆಟ್ಟಿಗೆಯ ಬೇರಿಂಗ್ ಇನ್ನೊಂದು ಬಗೆಯದು. ಸುರುಳಿ ದಂಡದ ಮೇಲೊಂದು, ಕೆಳಗೊಂದು ಉಕ್ಕಿನ ಬಟ್ಟಲು, ಅವುಗಳಲ್ಲಿ ಬಿಡಿ ಗುಂಡುಗಳು. ಬಟ್ಟಲಿನ ಬಾಯಿಗೊಂದು ತೆಳು ತಂತಿಯ ಉಂಗುರ ಹಾಕಿದ್ದರೆ ಗುಂಡು ಉದುರುವುದಿಲ್ಲ. ಹಳೇ ಪೆಟ್ಟಿಗೆಗಳಲ್ಲಿ ಆ ಉಂಗುರ ಮುರಿದಿರುವುದೂ ಉಂಟು. ಆದ್ದರಿಂದ ಅಗಲವಾದ ತಟ್ಟೆಯ ಮೇಲೆ ಬಟ್ಟೆ ಹಾಸಿ ಬಿಚ್ಚುವುದು ಒಳ್ಳೆಯದು.

ಜೋಡಿಸುವಾಗ ಬಟ್ಟಲನ್ನು ಮೇಜಿನ ಮೇಲೆ ಸಮನಾಗಿಟ್ಟು, ಒಳಗೆ ಸ್ವಲ್ಪ ಗ್ರೀಸು ಸವರುತ್ತಾರೆ. ಆ ಅಂಟಿನಲ್ಲಿ ಗುಂಡುಗಳನ್ನು ಒಂದೊಂದಾಗಿ ಬೆರಳ ತುದಿಯಿಂದ ಇಡುತ್ತಾರೆ. ಎಲ್ಲ ಕೂತ ಮೇಲೆ ಉಂಗುರವನ್ನು ಒತ್ತಿ ಸಿಕ್ಕಿಸುತ್ತಾರೆ. ಮೇಲಿನ ಬಟ್ಟಲಿನಲ್ಲಿ ಎಷ್ಟು ಗುಂಡುಗಳಿವೆಯೋ ಕೆಳಗಿನದರಲ್ಲೂ ಅಷ್ಟೇ ಇರಬೇಕು, ಎಲ್ಲವೂ ಒಂದೇ ಗಾತ್ರದವಾಗಿರಬೇಕು. ದಂಡವನ್ನು ಪೆಟ್ಟಿಗೆಯೊಳಗೆ ಇಳಿಸುವಾಗ ಒಂದು ಗುಂಡು ತಪ್ಪಿ ಕೆಳಗೆ ಬಿದ್ದರೂ ಎಲ್ಲವನ್ನೂ ಮತ್ತೆ ಹೊರತೆಗೆಯಬೇಕು. ಸುರುಳಿ ತೋಡಿಗೆ ಸಿಕ್ಕಿಕೊಂಡ ಗುಂಡು ತಿರುವಿನಲ್ಲಿ ಸ್ಟೇರಿಂಗನ್ನೇ ಹಿಡಿದು ನಿಲ್ಲಿಸಬಲ್ಲದು.

ಇಲ್ಲಿಯೂ ಮೇಲಿನ ಮುಚ್ಚಳದ ಅಡಿಯ ಶಿಮ್‌ಗಳೇ ಬಿಗಿತವನ್ನು ನಿರ್ಧರಿಸುತ್ತವೆ. ಪೆಟ್ಟಿಗೆಯ ಪಕ್ಕದ, ಗೂಟಗಳನ್ನು ಒತ್ತುವ ಹೊಂದಿಕೆ ಸ್ಕ್ರೂವನ್ನು ಪೂರ್ತಿ ಸಡಿಲಿಸಿ, ರಾಡುಗಳನ್ನು ಕಳಚಿಟ್ಟು ಪರೀಕ್ಷಿಸಬೇಕು. ದಂಡ ಮೇಲೆ ಕೆಳಗೆ ಆಡಬಾರದು. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹಗುರಾಗಿ ಹಿಡಿದು ತಿರುಗಿಸಿದರೂ ಸ್ಟೇರಿಂಗ್ ಸರಾಗವಾಗಿ ತಿರುಗಬೇಕು.

ಇದಾದ ಮೇಲಷ್ಟೇ ಪಕ್ಕದ ಸ್ಕ್ರೂ. ಸ್ಟೇರಿಂಗನ್ನು ನೇರ ಓಟದ ನಡುಸ್ಥಾನಕ್ಕೆ ತಂದು, ಅಲ್ಲಿ ತುಸು ತಡೆ ಸಿಗುವಷ್ಟು ಮಾತ್ರ ಸ್ಕ್ರೂ ತಿರುಗಿಸಿ ನಿಲ್ಲಿಸಬೇಕು. ಸುರುಳಿ ತೋಡನ್ನು ನಡುವೆ ಬೇಕೆಂದೇ ಕಡಿಮೆ ಆಳಕ್ಕೆ ಕೊರೆದಿರುತ್ತಾರೆ. ಹೆಚ್ಚು ಬಳಕೆಯ ಜಾಗದಲ್ಲಿ ಗೂಟ ಬಿಗಿಯಾಗಿ ಕೂರಲಿ ಎಂಬ ಉದ್ದೇಶ ಅದು. ಪೂರ್ತಿ ತಿರುಗಿಸಿದ ಸ್ಥಾನದಲ್ಲಿ ಆಟ ತೆಗೆಯಲು ಹೋದರೆ ನಡುವೆ ಬಂದಾಗ ಪೆಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಪೆಟ್ಟಿಗೆಗೆ ಗೇರ್ ಎಣ್ಣೆಯೇ ಬೇಕು. ಸೀಲು ಸೋರುತ್ತದೆಂದು ಗಟ್ಟಿ ಗ್ರೀಸು ತುಂಬುವ ರೂಢಿ ಇದೆ. ಗೂಟ ಪಕ್ಕಕ್ಕೆ ತಳ್ಳಿದ ಗ್ರೀಸು ಮತ್ತೆ ತೋಡಿಗೆ ಹರಿದು ಬರುವುದಿಲ್ಲ. ಲೋಹದ ಮೇಲೆ ಲೋಹ ಒಣಗಿ ಉಜ್ಜುತ್ತದೆ. ಮಾಡಬೇಕಾದದ್ದು ಸೀಲು ಬದಲಿಸುವುದು.

ಸ್ಕ್ರೂ ಬಿಗಿಯುವ ಚಾಳಿ

ಸ್ಟೇರಿಂಗ್ ಆಡುತ್ತದೆ ಎಂದು ಗ್ಯಾರೇಜಿಗೆ ಹೋದರೆ ಮೊದಲು ಕೈ ಹೋಗುವುದು ಆ ಪಕ್ಕದ ಸ್ಕ್ರೂವಿನ ಕಡೆಗೇ. ಸುಲಭಕ್ಕೆ ಸಿಗುತ್ತದೆ, ಐದು ನಿಮಿಷದ ಕೆಲಸ, ಆಟವೂ ಕಡಿಮೆಯಾದಂತೆ ಕಾಣುತ್ತದೆ. ಹೀಗೆ ಮಾಡಿದಾಗ ಬೆಲ್ ಕ್ರ್ಯಾಂಕಿನ ಸಡಿಲ, ಕಿಂಗ್ ಪಿನ್ನಿನ ಸಡಿಲ ಎಲ್ಲವೂ ಇದ್ದಲ್ಲೇ ಇರುತ್ತವೆ. ಜೊತೆಗೆ ಗೂಟಗಳೂ ಚಪ್ಪಟೆಯಾಗಿ ಪೆಟ್ಟಿಗೆಯೂ ಕೆಡುತ್ತದೆ.

ಕಿಂಗ್ ಪಿನ್ ಬೇರಿಂಗನ್ನು ಅತಿಯಾಗಿ ಬಿಗಿದರೂ ಅಪಾಯವೇ. ಜೀಪಿನ ಕಿಂಗ್ ಪಿನ್ನುಗಳನ್ನು ಸುಮಾರು 3 ಡಿಗ್ರಿ ಹಿಂದಕ್ಕೆ ವಾಲಿಸಿರುತ್ತಾರೆ. ತಿರುವು ಮುಗಿದ ಮೇಲೆ ಚಕ್ರಗಳು ತಾವಾಗಿಯೇ ನೇರಕ್ಕೆ ಬರಲು ಈ ಓರೆ ಬೇಕು. ಬೇರಿಂಗ್ ಬಿಗಿಯಾಗಿ ಹಿಡಿದುಕೊಂಡರೆ ಚಕ್ರ ತಿರುಗಿದಲ್ಲೇ ನಿಲ್ಲುತ್ತದೆ, ಘಾಟಿಯ ಪ್ರತಿ ತಿರುವಿನಲ್ಲೂ ಡ್ರೈವರ್ ಅದನ್ನು ಎಳೆದು ತರಬೇಕಾಗುತ್ತದೆ. ತೀರಾ ಸಡಿಲವಾದರೆ ಚಕ್ರದ ನಡುಕವನ್ನು ಅಡಗಿಸುವ ತಡೆಯೇ ಇಲ್ಲದಂತಾಗುತ್ತದೆ. ಬೇಕಾದದ್ದು ಇವೆರಡರ ನಡುವಿನ, ತಕ್ಕಡಿಯಲ್ಲಿ ಅಳೆದ ಬಿಗಿತ.

ಕಾನೂನಿನ ಕಣ್ಣಲ್ಲಿ

50 ವರ್ಷ ದಾಟಿದ ಗಾಡಿಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನಿಯಮ ತಂದಿತು. ಮೂಲ ರೂಪದಲ್ಲೇ ಉಳಿದ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಮಾಡದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳು ಇರುತ್ತವೆ. ಆದರೆ ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ರಸ್ತೆಗಿಳಿಸುವಂತಿಲ್ಲ. ದಿನವೂ ಓಡಿಸುವ ಖಾಸಗಿ ಜೀಪಿಗೆ 15 ವರ್ಷದ ಬಳಿಕ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು.

ಮೂಲ ಬೇರಿಂಗಿನ ಜಾಗಕ್ಕೆ ಅದೇ ನಂಬರಿನ ಹೊಸ ಬೇರಿಂಗ್ ಹಾಕಿದರೆ ಗಾಡಿಯ ಮೂಲ ರೂಪಕ್ಕೆ ಯಾವ ಕುಂದೂ ಬರುವುದಿಲ್ಲ.

ಬಣ್ಣಕ್ಕೂ ಮೊದಲು

ಹಳೇ ಜೀಪು ಕೈಗೆತ್ತಿಕೊಂಡವರಿಗೆ ಒಂದು ಕ್ರಮ ಹೇಳಬಹುದು. ಮೊದಲು ಬ್ರೇಕು ಮತ್ತು ಸ್ಟೇರಿಂಗ್, ಆಮೇಲೆ ಎಂಜಿನ್, ಬಣ್ಣ ಕೊನೆಗೆ. ಸ್ಟೇರಿಂಗಿನಲ್ಲಿ ಚಕ್ರದ ಕಡೆಯಿಂದ ಶುರುಮಾಡಿ ಪೆಟ್ಟಿಗೆಯತ್ತ ಬನ್ನಿ: ಚಕ್ರದ ಬೇರಿಂಗ್, ಕಿಂಗ್ ಪಿನ್, ಟೈ ರಾಡು, ಬೆಲ್ ಕ್ರ್ಯಾಂಕ್, ಕೊನೆಗೆ ಪೆಟ್ಟಿಗೆ. ಬಿಚ್ಚಿದ ಪ್ರತಿ ಕಡೆಯಲ್ಲೂ ಹೊಸ ಸ್ಪ್ಲಿಟ್ ಪಿನ್ ಹಾಕಿಸಿ. ಕೆಲಸ ಮಾಡಿದ ಮೆಕ್ಯಾನಿಕ್ಕಿನಿಂದ ಹಳೇ ಕಪ್ಪುಗಳನ್ನು ಕೇಳಿ ಪಡೆಯಿರಿ, ಉಗುರಾಡಿಸಿ ನೋಡಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಚಕ್ರ ಎತ್ತಿ ಪರೀಕ್ಷಿಸಿ.

ಈ ಕೆಲಸ ಯಾವ ಫೋಟೋದಲ್ಲೂ ಕಾಣುವುದಿಲ್ಲ. ಆದರೂ ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವಾಗ ಗಾಡಿ ನಮ್ಮ ಮಾತು ಕೇಳುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಇಲ್ಲಿಯೇ. ಜೀಪನ್ನು ಉಳಿಸಿಕೊಳ್ಳುವುದೆಂದರೆ ಅದನ್ನು ಧೈರ್ಯವಾಗಿ ಓಡಿಸುವಂತೆ ಇಟ್ಟುಕೊಳ್ಳುವುದು. ಅದಕ್ಕೆ ಬೇಕಾದ ಬೇರಿಂಗ್ ಇಂದಿಗೂ ಸಿಗುತ್ತದೆ, ಅಳತೆಯ ವಿಧಾನವೂ ಗೊತ್ತಿದೆ. ತಾಳ್ಮೆಯಿಂದ ಶಿಮ್ ಲೆಕ್ಕ ಹಾಕಬಲ್ಲ ಮೆಕ್ಯಾನಿಕ್ ಸಿಕ್ಕಿದರೆ ಅವರು ಕೇಳಿದಷ್ಟು ಸಮಯವನ್ನೂ ಕೂಲಿಯನ್ನೂ ಚೌಕಾಸಿ ಮಾಡದೆ ಕೊಡಿ.